ಮನೆಯೊಳಗಿನ ವಿಷ: ನಾಯಿ, ಬೆಕ್ಕು ಸಾಕಿದವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣ ಬದಲಾಗುತ್ತದೆ. ಬೇಸಿಗೆಯಲ್ಲಿ ಉಣ್ಣೆ, ಕಜ್ಜಿ, ಕೂದಲು ಉದುರುವುದು ಎಂದು ಬರೆಯುತ್ತಿದ್ದವರು ಈಗ "ಏನನ್ನೋ ತಿಂದಿದೆ" ಎಂದು ಬರೆಯುತ್ತಾರೆ. ಮಳೆಗೆ ಹೊರಗೆ ತಿರುಗಲಾರದ ನಾಯಿ, ಬೆಕ್ಕುಗಳು ಮನೆಯೊಳಗೇ ಮೂಗು ತೂರಿಸುತ್ತವೆ; ಮನೆಯವರೂ ಇದೇ ಹೊತ್ತಿಗೆ ನುಸಿಗುಳಿಗೆ, ಇಲಿಪಾಷಾಣ, ಬ್ಲೀಚಿಂಗ್ ಪೌಡರ್, ತೋಟದ ಮದ್ದು ಎಲ್ಲವನ್ನೂ ಹೊರಗೆ ತೆಗೆದಿರುತ್ತಾರೆ. ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಅವನ್ನೆಲ್ಲ ಒಟ್ಟಿಗೆ ಓದಿದಾಗ, ಪ್ರಾಣಿ ಅನುಭವಿಸಿದ ಕಷ್ಟದಲ್ಲಿ ಅರ್ಧ ವಿಷದ್ದು, ಉಳಿದರ್ಧ ವಿಷ ಇಳಿಸಲೆಂದು ಮನೆಯಲ್ಲಿ ಮಾಡಿದ ಉಪಚಾರದ್ದು ಎಂದು ಅನ್ನಿಸಿತು. ಅದಕ್ಕಾಗಿಯೇ ಮೊದಲಿಗೆ ಈ ಪತ್ರವನ್ನು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನಲ್ಲಿ ಅಡಿಕೆ ತೋಟ. ಜೂನ್ ಮೊದಲ ವಾರ ಕೊಳೆರೋಗಕ್ಕೆ ಮದ್ದು ಹೊಡೆಯುತ್ತಿದ್ದಾಗ ಮನೆಯ ನಾಯಿ ಬಕೆಟ್ಟಿನಲ್ಲಿ ಕರಗಿಸಿಟ್ಟ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನು ನೆಕ್ಕಿ, ಸ್ವಲ್ಪ ಹೊತ್ತಿಗೆ ನೀಲಿ ಬಣ್ಣದ ವಾಂತಿ ಮಾಡಿತು. ಹಿರಿಯರು ಅರ್ಧ ಲೋಟ ತೆಂಗಿನ ಎಣ್ಣೆ ಕುಡಿಸಿದರು. ವಾಂತಿ ನಿಂತು ನಾಯಿ ಉಳಿಯಿತು. ಆದರೆ ಮೂರನೆಯ ದಿನದಿಂದ ಕೆಮ್ಮು, ಜ್ವರ ಶುರುವಾಗಿ ಹದಿನೈದು ದಿನ ಔಷಧ ಬೇಕಾಯಿತು. ಮೈಲುತುತ್ತ ಶ್ವಾಸಕೋಶಕ್ಕೂ ಇಳಿಯುತ್ತದೆಯೇ?

ಉತ್ತರ: ನೀವು ಬರೆದ ಕ್ರಮವನ್ನು ನೋಡಿದರೆ, ಶ್ವಾಸಕೋಶಕ್ಕೆ ಇಳಿದದ್ದು ಮೈಲುತುತ್ತಕ್ಕಿಂತ ಹೆಚ್ಚಾಗಿ ತೆಂಗಿನ ಎಣ್ಣೆಯೇ ಇರಬೇಕು. ನೀರು ಗಂಟಲಿನಲ್ಲಿ ದಾರಿ ತಪ್ಪಿದರೆ ನಾಯಿ ಕೂಡಲೇ ಕೆಮ್ಮಿ ಹೊರಹಾಕುತ್ತದೆ. ಎಣ್ಣೆ ನುಣುಪಾಗಿರುವುದರಿಂದ ಅದು ಕೆಮ್ಮನ್ನೂ ಕೆರಳಿಸದೆ ಶ್ವಾಸನಾಳಕ್ಕೆ ಜಾರಿಬಿಡುತ್ತದೆ. ಅದರಲ್ಲೂ ವಾಂತಿ ಮಾಡುತ್ತಿರುವ ಪ್ರಾಣಿಯ ತಲೆಯನ್ನು ಮೇಲಕ್ಕೆತ್ತಿ ಹಿಡಿದು ಕುಡಿಸಿದರೆ ಈ ಅಪಾಯ ಇಮ್ಮಡಿಯಾಗುತ್ತದೆ. ಎರಡು ಮೂರು ದಿನ ಬಿಟ್ಟು ಬರುವ ಜ್ವರ, ಕೆಮ್ಮು, ಏದುಸಿರು ಅದರದೇ ಲಕ್ಷಣ.

ಇನ್ನು ಮೈಲುತುತ್ತದ ವಿಚಾರ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸುಣ್ಣ ಸೇರಿದ ಮೇಲೆ ತಾಮ್ರದ ಬಹುಭಾಗ ಕರಗದ ರೂಪಕ್ಕೆ ತಿರುಗುವುದರಿಂದ ಅದರ ಉರಿ ತಗ್ಗುತ್ತದೆ. ಸುಣ್ಣ ಬೆರೆಸುವ ಮುಂಚೆ ಬೇರೆ ಪಾತ್ರೆಯಲ್ಲಿ ಕರಗಿಸಿಟ್ಟ ನೀಲಿ ನೀರು ಮಾತ್ರ ತುಂಬ ತೀಕ್ಷ್ಣ. ನಿಮ್ಮ ನಾಯಿ ನೆಕ್ಕಿದ್ದು ಅದನ್ನೇ. ಅದು ಹೊಟ್ಟೆಯ ಒಳಪದರವನ್ನು ಸುಡುತ್ತದೆ, ರಕ್ತಕ್ಕೆ ಸೇರಿದ ತಾಮ್ರ ಕೆಂಪು ಕಣಗಳನ್ನು ಒಡೆಯುತ್ತದೆ, ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಆದರೆ ಅದಕ್ಕೊಂದು ಗುಣವಿದೆ: ಹೊಟ್ಟೆ ಸೇರಿದ ಕೂಡಲೇ ತಾನಾಗಿಯೇ ವಾಂತಿ ಮಾಡಿಸುತ್ತದೆ. ನಿಮ್ಮ ನಾಯಿಯನ್ನು ಉಳಿಸಿದ್ದು ಆ ಮೊದಲ ನೀಲಿ ವಾಂತಿ. ಆಗ ಮಾಡಬೇಕಾಗಿದ್ದುದು ಇಷ್ಟೇ: ಬಾಯಿ, ಮೀಸೆ, ಪಾದಗಳಿಗೆ ಅಂಟಿದ್ದನ್ನು ಹರಿಯುವ ನೀರಿನಲ್ಲಿ ತೊಳೆದು, ಅದಾಗಿಯೇ ಕುಡಿಯುವುದಾದರೆ ಸ್ವಲ್ಪ ನೀರು ಇಟ್ಟು, ವೈದ್ಯರಲ್ಲಿಗೆ ಕರೆತರುವುದು. ಮುಂದಿನ ಮೂರು ನಾಲ್ಕು ದಿನ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುವುದೇ, ಕಣ್ಣಿನ ಬಿಳಿಭಾಗ ಹಳದಿಯಾಗುವುದೇ ಎಂದು ನೋಡುತ್ತಿರಬೇಕು.

ತೋಟದ ಮನೆಗಳವರಿಗೆ ಇದೇ ಸಂದರ್ಭದಲ್ಲಿ ಇನ್ನೆರಡು ಸಂಗತಿ ಹೇಳಬೇಕು. ಮೊದಲನೆಯದು ಅಡಿಕೆಯದೇ. ಅಂಗಳದಲ್ಲಿ ಒಣಹಾಕಿದ ಚಾಲಿ ಅಡಿಕೆಯ ರಾಶಿಯಿಂದ ಒಂದೆರಡನ್ನು ಕಚ್ಚಿಕೊಂಡು ಹೋಗಿ ಆಟವಾಡದ ನಾಯಿಮರಿ ನಮ್ಮ ಕಡೆ ಇಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸಸ್ಯಕ್ಷಾರಕ್ಕೆ (ಆಲ್ಕಲಾಯ್ಡ್) ಪಶುವೈದ್ಯಕೀಯದಲ್ಲಿ ಒಂದು ಇತಿಹಾಸವಿದೆ. ಪ್ರಾಜಿಕ್ವಾಂಟೆಲ್ ಬಳಕೆಗೆ ಬರುವ ಮುಂಚೆ ನಾಯಿಗಳ ಲಾಡಿಹುಳವನ್ನು ಇಳಿಸಲು ಇದನ್ನೇ ಔಷಧವಾಗಿ ಕೊಡುತ್ತಿದ್ದರು. ಹುಳ ಬೀಳುತ್ತಿತ್ತು, ಜೊತೆಗೆ ನಾಯಿ ಜೊಲ್ಲು ಸುರಿಸಿ, ವಾಂತಿ ಭೇದಿಯಾಗಿ ಹಣ್ಣಾಗುತ್ತಿತ್ತು. ಮರಿ ಹಸಿ ಅಡಿಕೆ ಅಗಿದಾಗ ಕಾಣುವುದೂ ಇದೇ ಚಿತ್ರ: ಧಾರಾಕಾರ ಜೊಲ್ಲು, ನೀರಿನಂಥ ಭೇದಿ, ನಡುಕ, ನಿಧಾನವಾದ ನಾಡಿ. ಇದಕ್ಕೆ ಅಟ್ರೊಪಿನ್ ಎಂಬ ಪ್ರತಿವಿಷವಿದೆ, ಬೇಗ ಕರೆತಂದರೆ ಗುಣ ಕಾಣುವುದೂ ಬೇಗ. ಬೆಕ್ಕಿಗೆ ಇದು ಇನ್ನೂ ಕೆಟ್ಟದ್ದು. ಶ್ವಾಸನಾಳದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಎರಡನೆಯದು ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ. ಹುಳುವನ್ನು ಆಕರ್ಷಿಸಲು ಅದಕ್ಕೆ ತೌಡಿನಂಥ ತಿನಿಸು ಬೆರೆಸಿರುತ್ತಾರೆ, ನಾಯಿಗೂ ಆ ರುಚಿ ಹಿಡಿಸುತ್ತದೆ. ತಿಂದ ಕೆಲವೇ ಗಂಟೆಗಳೊಳಗೆ ಮೈಯೆಲ್ಲ ನಡುಗಿ, ಜ್ವರ ಏರಿ, ಫಿಟ್ಸ್ ಬರುತ್ತದೆ. ಬುಡಗಳಿಗೆ ಅದನ್ನು ಹಾಕುವ ವಾರ ನಾಯಿಯನ್ನು ಕಟ್ಟಿಹಾಕುವುದಲ್ಲದೆ ಬೇರೆ ದಾರಿ ನನಗೆ ತಿಳಿದಿಲ್ಲ.

ಪ್ರಶ್ನೆ: ಕಾರವಾರದಿಂದ ಬರೆಯುತ್ತಿದ್ದೇನೆ. ನಮ್ಮ ಬೆಕ್ಕಿಗೆ ಮೈ ಬಿಸಿಯಾಗಿತ್ತು. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ಪನ್ನು ಒಂದು ಚಮಚ ಕೊಟ್ಟೆವು. ಸಂಜೆಗೆ ಅದರ ಮುಖ ಊದಿಕೊಂಡು, ಬಾಯೊಳಗೆ ಬಣ್ಣ ಕೆಟ್ಟು, ಮರುದಿನ ತೀರಿಕೊಂಡಿತು. ಮಗುವಿಗೆ ಆಗುವ ಔಷಧ ಬೆಕ್ಕಿಗೆ ಏಕೆ ಆಗಲಿಲ್ಲ? ಎಷ್ಟು ಕೊಡಬೇಕಿತ್ತು?

ಉತ್ತರ: ಏನೂ ಕೊಡಬಾರದಿತ್ತು. ಬೆಕ್ಕಿಗೆ ಪ್ಯಾರಾಸಿಟಮಾಲ್‌ನ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ನಿಮ್ಮ ದುಃಖದ ನಡುವೆ ಇದನ್ನು ಇಷ್ಟು ನೇರವಾಗಿ ಬರೆಯಲು ಸಂಕೋಚವಾಗುತ್ತದೆ, ಆದರೆ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುವವರು ಇನ್ನೂ ಅನೇಕರಿದ್ದಾರೆ.

ಮನುಷ್ಯರ ಯಕೃತ್ತು ಈ ಔಷಧದ ಬಹುಪಾಲನ್ನು ಗ್ಲುಕುರೊನಿಕ್ ಆಮ್ಲಕ್ಕೆ ಕಟ್ಟಿ ಮೂತ್ರದಲ್ಲಿ ಹೊರಗೆ ಕಳುಹಿಸುತ್ತದೆ. ಆ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ಬಹಳ ಕಡಿಮೆ. ಹೊರಹೋಗಲಾರದ ಔಷಧ ವಿಷವಸ್ತುವಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುತ್ತದೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ನೀವು ಕಂಡ ಬಾಯಿಯ ಬಣ್ಣ ಅದೇ. ಮುಖ ಮತ್ತು ಮುಂಗಾಲಿನ ಪಾದಗಳ ಊತ ಬೆಕ್ಕುಗಳಲ್ಲಿ ಈ ವಿಷದ ಗುರುತು. 500 ಮಿಲಿಗ್ರಾಂನ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೂ ಬೆಕ್ಕುಗಳು ಸತ್ತದ್ದುಂಟು. ಅಸೀಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಅದು ಮನುಷ್ಯರ ಔಷಧದಂಗಡಿಯಲ್ಲಿಯೇ ಸಿಗುತ್ತದೆ. ಆದ್ದರಿಂದ ಊರಿನ ಪಶುವೈದ್ಯರ ಬಳಿ ದಾಸ್ತಾನು ಇಲ್ಲದಿದ್ದರೂ ಚೀಟಿ ಬರೆಸಿಕೊಂಡು ಪೇಟೆಯಿಂದ ತರಿಸಬಹುದು. ಆದರೆ ಮೊದಲ ಕೆಲವು ಗಂಟೆಗಳೊಳಗೆ.

ನಾಯಿಗಳ ವಿಷಯದಲ್ಲಿ ಇದಕ್ಕಿಂತ ಹೆಚ್ಚಾಗಿ ನಾನು ನೋಡುವುದು ಐಬುಪ್ರೊಫೆನ್, ಡೈಕ್ಲೋಫಿನಾಕ್ ಮುಂತಾದ ನೋವಿನ ಮಾತ್ರೆಗಳ ಪರಿಣಾಮ: ಕುಂಟುವ ನಾಯಿಗೆ ಅಜ್ಜನ ಮೊಣಕಾಲಿನ ಮಾತ್ರೆ ಕೊಟ್ಟು, ನಾಲ್ಕನೆಯ ದಿನ ಟಾರಿನಂಥ ಕಪ್ಪು ಮಲದೊಂದಿಗೆ ಕರೆತರುತ್ತಾರೆ. ಡೈಕ್ಲೋಫಿನಾಕ್ ಹಾಕಿಸಿಕೊಂಡು ಸತ್ತ ದನಗಳನ್ನು ತಿಂದು ರಣಹದ್ದುಗಳ ಸಂತತಿಯೇ ಅಳಿಯತೊಡಗಿದ್ದರಿಂದ ನಮ್ಮ ದೇಶದಲ್ಲಿ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು ಎಂಬುದನ್ನು ಈ ನೆಪದಲ್ಲಿ ನೆನಪಿಸುತ್ತೇನೆ. ಮನೆಯ ಡಬ್ಬಿಯ ಮಾತ್ರೆ ಮನೆಯ ಮನುಷ್ಯರಿಗೆ ಮಾತ್ರ ಇರಲಿ.

ಪ್ರಶ್ನೆ: ಹೊನ್ನಾವರ. ನೆರೆಮನೆಯವರು ಇಟ್ಟ ಇಲಿಪಾಷಾಣದ ಬಿಲ್ಲೆಯನ್ನು ನಮ್ಮ ನಾಯಿ ಮೂರು ದಿನಗಳ ಹಿಂದೆ ತಿಂದಿತು. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಿದೆವು. ಈಗ ಲವಲವಿಕೆಯಿಂದಲೇ ಇದೆ. ಅಪಾಯ ಕಳೆಯಿತು ಎಂದು ತಿಳಿಯಬಹುದೇ?

ಉತ್ತರ: ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ತಡವಾಗುತ್ತದೆಂದು ನಿಮಗೆ ದೂರವಾಣಿಯಲ್ಲಿಯೇ ಉತ್ತರಿಸಿದ್ದೆ. ಉಳಿದ ಓದುಗರಿಗಾಗಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ "ಲವಲವಿಕೆಯಿಂದ ಇದೆ" ಎಂಬ ಮಾತೇ ಈ ವಿಷದಲ್ಲಿ ಮೋಸ ಮಾಡುವುದು.

ನೀಲಿ ಅಥವಾ ಹಸಿರು ಬಣ್ಣದ ಬಿಲ್ಲೆಗಳಲ್ಲಿ ಸಾಮಾನ್ಯವಾಗಿರುವುದು ಬ್ರೋಮಾಡಿಯೋಲೋನ್. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ತಯಾರಿಸುವಾಗ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ನನ್ನು ದೇಹ ಮತ್ತೆ ಮತ್ತೆ ಸರಿಪಡಿಸಿಕೊಂಡು ಉಪಯೋಗಿಸುತ್ತದೆ. ಈ ವಿಷ ಆ ಮರುಬಳಕೆಯನ್ನು ತಡೆಯುತ್ತದೆ. ಮೊದಲೇ ರಕ್ತದಲ್ಲಿರುವ ದಾಸ್ತಾನು ಖರ್ಚಾಗುವವರೆಗೆ, ಅಂದರೆ ಮೂರರಿಂದ ಐದು ದಿನ, ಕೆಲವೊಮ್ಮೆ ವಾರದವರೆಗೆ, ನಾಯಿ ಎಂದಿನಂತೆಯೇ ಓಡಾಡಿಕೊಂಡಿರುತ್ತದೆ. ಆಮೇಲೆ ಎದೆಯೊಳಗೋ ಹೊಟ್ಟೆಯೊಳಗೋ ಕೀಲಿನೊಳಗೋ ಸದ್ದಿಲ್ಲದೆ ರಕ್ತ ಸೋರತೊಡಗುತ್ತದೆ. ಹೊರಗೆ ಕಾಣುವುದು ಸುಸ್ತು, ಏದುಸಿರು, ಕಾರಣವಿಲ್ಲದ ಕುಂಟು, ಅಷ್ಟೇ. ರಕ್ತವೇ ಕಾಣಬೇಕೆಂದೇನೂ ಇಲ್ಲ.

ಇದಕ್ಕೆ ಒಳ್ಳೆಯ ಪ್ರತಿವಿಷವಿದೆ: ವಿಟಮಿನ್ ಕೆ1. ತಿಂದ ಎರಡು ಮೂರು ದಿನಗಳ ಹೊತ್ತಿಗೆ ರಕ್ತ ಹೆಪ್ಪುಗಟ್ಟುವ ಸಮಯವನ್ನು ಪರೀಕ್ಷಿಸಿ, ಅದು ಏರಿದ್ದರೆ ಮಾತ್ರೆಯನ್ನು ಮೂರು ನಾಲ್ಕು ವಾರ, ಕೊಬ್ಬಿನಂಶವಿರುವ ಊಟದೊಂದಿಗೆ ಕೊಡಬೇಕಾಗುತ್ತದೆ. ಎರಡು ಎಚ್ಚರಿಕೆ ಇವೆ. ಕೆ3 ಎಂಬ ಅಗ್ಗದ ರೂಪವೊಂದು ಸಿಗುತ್ತದೆ, ಅದು ಇಲ್ಲಿ ಕೆಲಸಕ್ಕೆ ಬಾರದು. ಎರಡನೆಯದು, ನಾಯಿ ಚೆನ್ನಾಗಿದೆ ಎಂದು ಹತ್ತನೆಯ ದಿನ ಮಾತ್ರೆ ನಿಲ್ಲಿಸಬಾರದು. ವಿಷ ಯಕೃತ್ತಿನಲ್ಲಿ ವಾರಗಟ್ಟಲೆ ಕುಳಿತಿರುತ್ತದೆ. ಮಾತ್ರೆ ಮುಗಿದ ಎರಡು ದಿನಗಳ ಬಳಿಕ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು.

ಬೂದುಗಪ್ಪು ಪುಡಿಯ ರೂಪದ ಇಲಿಪಾಷಾಣದ ಕಥೆಯೇ ಬೇರೆ. ಅದು ಜಿಂಕ್ ಫಾಸ್ಫೈಡ್. ಅನ್ನದಲ್ಲಿಯೋ ಒಣಮೀನಿನಲ್ಲಿಯೋ ಕಲಸಿ ಇಡುತ್ತಾರೆ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಏಳುತ್ತದೆ, ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ. ಊಟ ಕೊಟ್ಟರೆ ಆಮ್ಲ ಹೆಚ್ಚುತ್ತದೆ, ಆದ್ದರಿಂದ ಹಾಲು, ಅನ್ನ ಏನನ್ನೂ ಕೊಡಬೇಡಿ. ನಾಯಿ ವಾಂತಿ ಮಾಡಿದಲ್ಲಿ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಆ ಅನಿಲ ನಿಮಗೂ ವಿಷವೇ. ಮಳೆ ಬರುತ್ತಿದ್ದರೂ ಕಾರಿನ ಗಾಜು ಇಳಿಸಿಕೊಂಡೇ ಆಸ್ಪತ್ರೆಗೆ ಹೊರಡಿ.

ಇನ್ನು ಉಪ್ಪುನೀರು. ವಾಂತಿಯಾಗದೆ ಒಳಗೇ ಉಳಿದ ಉಪ್ಪು ರಕ್ತದ ಸೋಡಿಯಂ ಏರಿಸಿ ಮಿದುಳಿಗೆ ಪೆಟ್ಟು ಕೊಡುತ್ತದೆ. ನಾಯಿಗೆ ಫಿಟ್ಸ್ ಬಂದಾಗ ಅದು ಪಾಷಾಣದ್ದೋ ಉಪ್ಪಿನದೋ ಎಂದು ಬೇರ್ಪಡಿಸುವುದು ನಮಗೂ ಕಷ್ಟ. ಹುಣಸೆನೀರಿನ ವಿಷಯ ಇನ್ನೂ ವಿಚಿತ್ರ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ ಎಂಬುದು ಬಹುಕಾಲದಿಂದ ಗೊತ್ತಿದ್ದರೂ ಕಾರಣ ತಿಳಿದಿರಲಿಲ್ಲ. ಈಚಿನ ವರ್ಷಗಳಲ್ಲಿ ಬೆರಳು ತೋರಿಸಿರುವುದು ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆಗೆ. ಆ ಆಮ್ಲ ಹುಣಸೆಹಣ್ಣಿನಲ್ಲಿಯೂ ಹೇರಳವಾಗಿದೆ, ಹುಣಸೆ ತಿಂದ ನಾಯಿಗಳಲ್ಲಿ ಅದೇ ಬಗೆಯ ಮೂತ್ರಪಿಂಡದ ವೈಫಲ್ಯ ಕಂಡಿದೆ. ವಿಷಕ್ಕೆ ಮದ್ದೆಂದು ನಾವು ತಲೆತಲಾಂತರದಿಂದ ಕುಡಿಸುತ್ತ ಬಂದದ್ದು ನಾಯಿಗೆ ಇನ್ನೊಂದು ವಿಷ.

ಪ್ರಶ್ನೆ: ಕುಮಟಾದಲ್ಲಿ ನಮ್ಮ ಮನೆ ಮಳೆಗಾಲದಲ್ಲಿ ಮುಗ್ಗಲು ಹಿಡಿಯುತ್ತದೆ. ಬಟ್ಟೆಗೆ ನುಸಿಗುಳಿಗೆ, ನೆಲಕ್ಕೆ ಫಿನಾಯಿಲ್, ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಇಲ್ಲದೆ ಆಗುವುದಿಲ್ಲ. ಮೂರು ಬೆಕ್ಕುಗಳಿವೆ. ಯಾವುದನ್ನು ಬಿಡಬೇಕು?

ಉತ್ತರ: ಬೆಕ್ಕು ತನ್ನ ಪಾದಕ್ಕೆ ಅಂಟಿದ್ದನ್ನೆಲ್ಲ ನೆಕ್ಕಿಯೇ ತೆಗೆಯುತ್ತದೆ, ಆದ್ದರಿಂದ ನೆಲಕ್ಕೆ ಹಾಕಿದ್ದು ಹೊಟ್ಟೆಗೆ ಹಾಕಿದಂತೆಯೇ. ಮೇಲೆ ಪ್ಯಾರಾಸಿಟಮಾಲ್ ಬಗ್ಗೆ ಹೇಳಿದ ಅದೇ ಕಿಣ್ವದ ಕೊರತೆಯಿಂದ ಬೆಕ್ಕಿಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನೂ ಅರಗಿಸಲಾಗದು. ಗುರುತಿಗೆ ಒಂದು ಸುಲಭದ ದಾರಿ ಇದೆ: ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಯಾವುದೇ ಫಿನಾಯಿಲ್ ಅಥವಾ ರೋಗಾಣುನಾಶಕ ಬೆಕ್ಕಿರುವ ಮನೆಗೆ ಬೇಡ. ಸಾಬೂನು ನೀರಿನಲ್ಲಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿದರೆ ಸಾಕು. ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಬೆಕ್ಕುಗಳನ್ನು ಒಳಗೆ ಕೂಡಿ, ಉಜ್ಜಿ, ಧಾರಾಳವಾಗಿ ನೀರು ಹೊಡೆದು ತೊಳೆದ ಮೇಲೆ ಬಿಡಿ. ಶೌಚಾಲಯದ ಆಸಿಡ್ಡನ್ನು ಅದರೊಡನೆ ಸೇರಿಸಿದರೆ ಕ್ಲೋರಿನ್ ಏಳುತ್ತದೆ, ಅದು ನಿಮಗೂ ಒಳ್ಳೆಯದಲ್ಲ.

ನುಸಿಗುಳಿಗೆಯನ್ನು ಮಾತ್ರ ನಾನು ಪೂರ್ಣ ಬಿಡಿ ಎನ್ನುತ್ತೇನೆ. ನ್ಯಾಫ್ತಲೀನ್ ಗುಳಿಗೆ ಉರುಳುತ್ತದೆ, ಬೆಕ್ಕು ಅದನ್ನು ಕಾಲಿನಲ್ಲಿ ತಟ್ಟಿ ಆಡುತ್ತದೆ, ನಾಯಿಮರಿ ಬಾಯಿಗೆ ಹಾಕಿಕೊಳ್ಳುತ್ತದೆ. ಒಂದೇ ಗುಳಿಗೆ ಸಾಕು, ಕೆಂಪು ಕಣಗಳು ಒಡೆದು ಒಂದೆರಡು ದಿನಗಳಲ್ಲಿ ವಸಡು ಬಿಳಿಚಿಕೊಳ್ಳುತ್ತದೆ. ಆಗ ಹಾಲು ಕುಡಿಸುವುದು ತಪ್ಪು. ಹಾಲಿನ ಕೊಬ್ಬಿನಲ್ಲಿ ಕರಗಿ ಅದು ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ದೇವರ ಕೋಣೆಯ ಕರ್ಪೂರವೂ ಇದೇ ಸಾಲಿನದು, ಅದು ಫಿಟ್ಸ್ ತರಿಸುತ್ತದೆ.

ನಿಮ್ಮ ಪತ್ರದ ಕೊನೆಯಲ್ಲಿ ನಾಯಿಯ ಉಣ್ಣೆಗೆ ತಂದ ಔಷಧವನ್ನೇ ಬೆಕ್ಕಿಗೂ ಹಚ್ಚಬಹುದೇ ಎಂದು ಕೇಳಿದ್ದೀರಿ. ಬೇಡ. ಪರ್ಮೆಥ್ರಿನ್ ಇರುವ ನಾಯಿಯ ಔಷಧ ಬೆಕ್ಕಿನ ಮೈಮೇಲೆ ಬಿದ್ದರೆ ಕಿವಿ, ಮೀಸೆಗಳಿಂದ ಶುರುವಾದ ಅದುರು ಮೈಯೆಲ್ಲ ಹಬ್ಬುತ್ತದೆ. ತಪ್ಪಿ ಹಚ್ಚಿದ್ದರೆ ಪಾತ್ರೆ ತೊಳೆಯುವ ಸಾಬೂನು ದ್ರವ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಟವೆಲ್ಲಿನಲ್ಲಿ ಸುತ್ತಿ ತನ್ನಿ. ದನದ ಕೊಟ್ಟಿಗೆಗೆಂದು ತಂದ ಡೆಲ್ಟಾಮೆಥ್ರಿನ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ನಾವು ಕಾರವಾರ ಬಳಿಯ ಮೀನುಗಾರ ಕುಟುಂಬದವರು. ಬೆಕ್ಕು ಬಂಗಡೆಯ ಜೊತೆ ಗಾಳವನ್ನೂ ನುಂಗಿತು, ಬಾಯಿಂದ ತಂಗೂಸಿ (ಗಾಳದ ದಾರ) ನೇತಾಡುತ್ತಿತ್ತು. ಎಳೆದು ತೆಗೆಯಬಹುದೇ?

ಉತ್ತರ: ಎಳೆಯಬೇಡಿ. ಗಾಳದ ತುದಿಯ ಮುಳ್ಳು ಹಿಂದಕ್ಕೆ ಎಳೆದಾಗ ಕಚ್ಚಿಕೊಳ್ಳಲೆಂದೇ ಇರುವುದು. ಅದನ್ನು ನಿಮಗೆ ಹೇಳಬೇಕಾಗಿಲ್ಲ. ಮೀನಿನ ಬಾಯಲ್ಲಿ ಮಾಡುವ ಕೆಲಸವನ್ನೇ ಅದು ಬೆಕ್ಕಿನ ಅನ್ನನಾಳದಲ್ಲಿಯೂ ಮಾಡುತ್ತದೆ. ತಂಗೂಸಿಯನ್ನು ಪೂರ್ತಿ ಕತ್ತರಿಸಲೂ ಬೇಡಿ. ಒಂದು ಗೇಣು ಹೊರಗೆ ಬಿಟ್ಟು, ಅದನ್ನೂ ನುಂಗದಂತೆ ಕೊರಳಪಟ್ಟಿಗೆ ಸಡಿಲವಾಗಿ ಕಟ್ಟಿ ಕರೆತಂದರೆ, ಅರಿವಳಿಕೆ ಕೊಟ್ಟು ಗಾಳ ತೆಗೆಯುವಾಗ ಆ ಎಳೆಯೇ ನಮಗೆ ದಾರಿ ತೋರಿಸುತ್ತದೆ. ತುಟಿಗೋ ಪಾದಕ್ಕೋ ಚುಚ್ಚಿಕೊಂಡ ಗಾಳವಾದರೆ ಮುಂದಕ್ಕೆ ತಳ್ಳಿ, ಮುಳ್ಳನ್ನು ಹೊರಗೆ ತಂದು ಕತ್ತರಿಸಿ, ಆಮೇಲೆ ಕೊಂಡಿಯನ್ನು ಹಿಂದಕ್ಕೆ ತೆಗೆಯುವುದು ಕ್ರಮ. ಅದನ್ನೂ ಅರಿವಳಿಕೆ ಇಲ್ಲದೆ ಮಾಡುವಂತಿಲ್ಲ.

ಗಾಳವಿಲ್ಲದ ಬರಿಯ ದಾರವೂ ಕಡಿಮೆಯೇನಲ್ಲ. ಒಮ್ಮೆ ಭಟ್ಕಳದ ಕಡೆಯ ಮನೆಯೊಂದರಿಂದ ಎರಡು ದಿನ ಊಟ ಬಿಟ್ಟ ಬೆಕ್ಕನ್ನು ತಂದಿದ್ದರು. ನಾಲಗೆಯನ್ನು ಮೇಲಕ್ಕೆತ್ತಿ ನೋಡಿದರೆ ಅದರ ಬುಡದಲ್ಲಿ ಬಿಳಿಯ ನೂಲೊಂದು ಸುತ್ತಿಕೊಂಡು, ಸುತ್ತಲಿನ ಮಾಂಸ ಕೆಂಪಾಗಿ, ನೂಲು ಅದರೊಳಗೆ ಹುದುಗಿತ್ತು. ಮನೆಯಾಕೆ ಮುಡಿದು ತೆಗೆದಿಟ್ಟ ಮಲ್ಲಿಗೆ ದಂಡೆಯ ದಾರ. ಹೊಟ್ಟೆ ತೆರೆದಾಗ ಸಣ್ಣ ಕರುಳಿನ ಒಂದು ಮೊಳದಷ್ಟು ಭಾಗ, ಲಾಡಿ ಎಳೆದ ಪೈಜಾಮದಂತೆ ನೆರಿಗೆಗಟ್ಟಿ ಮುದುಡಿಕೊಂಡಿತ್ತು. ನಾಲಗೆಯ ಬುಡದಲ್ಲಿ ಒಂದು ತುದಿ ಸಿಕ್ಕಿಕೊಂಡಿದ್ದರಿಂದ ಕರುಳು ಮುಂದಕ್ಕೆ ದೂಡಿದಷ್ಟೂ ದಾರ ಬಿಗಿದು ಗರಗಸದಂತೆ ಒಳಗೋಡೆಯನ್ನು ಕೊಯ್ಯುತ್ತದೆ. ಆ ಬೆಕ್ಕು ಬದುಕಿತು. ಗುದದ್ವಾರದಲ್ಲಿ ದಾರದ ತುದಿ ಕಂಡಾಗಲೂ ಇದೇ ಕಾರಣಕ್ಕೆ ಎಳೆಯಬಾರದು.

ಪ್ರಶ್ನೆ: ಅಂಕೋಲೆಯಲ್ಲಿ ಮಾವಿನ ಕಾಲ ಮುಗಿಯುವ ಹೊತ್ತಿಗೆ ನಮ್ಮ ನಾಯಿ ವಾಂತಿ ಮಾಡಲು ಶುರುಮಾಡಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದರು, ಆಪರೇಷನ್ ಮಾಡಿದಾಗ ಗೊರಟೆ ಸಿಕ್ಕಿತು. ವೈದ್ಯರು ಮೊದಲೇ ಏಕೆ ಕಂಡುಹಿಡಿಯಲಿಲ್ಲ?

ಉತ್ತರ: ಮಾವಿನ ಗೊರಟೆ ಮೂಳೆ, ಲೋಹಗಳಂತೆ ಎಕ್ಸ್‌ರೇಯಲ್ಲಿ ಎದ್ದು ಕಾಣುವುದಿಲ್ಲ, ಆದ್ದರಿಂದ ಅವರನ್ನು ದೂರುವಂತಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಕರಿ ಈಶಾಡಿನ ರಸ ಹೀರಿದ ಮೇಲೆ ಗೊರಟೆಯನ್ನು ಬಾಳೆಯ ಬುಡಕ್ಕೆ ಎಸೆಯುವ ಅಭ್ಯಾಸ ನಮ್ಮೆಲ್ಲರದೂ; ನಾಯಿಯ ಕಣ್ಣು ಅಲ್ಲಿಯೇ ಇರುತ್ತದೆ. ಮಣ್ಣಿನಲ್ಲಿ ಹೂಳಿ ಅಥವಾ ಮುಚ್ಚಳವಿರುವ ಬುಟ್ಟಿಗೆ ಹಾಕಿ. ಬೇಯಿಸಿದ ಕೋಳಿಮೂಳೆಯೂ ಅದೇ ಬುಟ್ಟಿಗೆ.

ಪ್ರಶ್ನೆ: ಹಬ್ಬದೂಟದಲ್ಲಿ ಉಳಿದದ್ದನ್ನು ನಾಯಿಗೆ ಹಾಕುವುದು ತಪ್ಪೇ? (ಯಲ್ಲಾಪುರ)

ಉತ್ತರ: ಬರಿಯ ಅನ್ನ, ಮೊಸರು, ಬೇಯಿಸಿದ ಕುಂಬಳ ಹಾಕಿದರೆ ತಪ್ಪಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ಕೆಂಪು ಕಣಗಳನ್ನು ಒಡೆಯುತ್ತವೆ. ಲಕ್ಷಣ ಕಾಣುವುದು ಕೆಲವು ದಿನ ಬಿಟ್ಟು, ಬೆಕ್ಕಿಗೆ ನಾಯಿಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಪಾಯಸದ ಒಣದ್ರಾಕ್ಷಿಯ ವಿಷಯ ಮೇಲೆ ಬಂದಿದೆ. ಚಾಕೊಲೇಟಿನ ಥಿಯೋಬ್ರೊಮಿನ್ ನಾಯಿಯ ದೇಹದಿಂದ ಅರ್ಧದಷ್ಟು ಹೊರಹೋಗಲು ಸುಮಾರು 17 ಗಂಟೆ ಬೇಕು, ಕಪ್ಪಾದಷ್ಟೂ ಅದರ ಅಂಶ ಹೆಚ್ಚು. ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಲ್ಲಿ ಕ್ಸೈಲಿಟಾಲ್ ಇದ್ದರೆ ಅರ್ಧ ಗಂಟೆಯಲ್ಲಿ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು, ಹೆಚ್ಚು ತಿಂದರೆ ಯಕೃತ್ತೂ ಕೆಡುತ್ತದೆ.

ಪ್ರಶ್ನೆ: ಫ್ಲ್ಯಾಟಿನ ಅಡುಗೆಮನೆಯಲ್ಲಿ ಲವ್‌ಬರ್ಡ್ ಜೋಡಿ ಇಟ್ಟಿದ್ದೆವು. ಗ್ಯಾಸ್ ಮೇಲೆ ಮರೆತುಬಿಟ್ಟ ನಾನ್‌ಸ್ಟಿಕ್ ತವೆ ಹೊಗೆಯಾಡಿದ ದಿನ ಎರಡೂ ಸತ್ತವು. ಸಂಬಂಧ ಇರಬಹುದೇ? (ಕಾರವಾರ)

ಉತ್ತರ: ಇದೆ. ಆ ಲೇಪ ಅತಿಯಾಗಿ ಕಾದಾಗ ಏಳುವ ಹೊಗೆ ನಮಗೆ ಹೆಚ್ಚೇನೂ ಮಾಡದಿದ್ದರೂ ಹಕ್ಕಿಯ ಶ್ವಾಸಕೋಶವನ್ನು ನಿಮಿಷಗಳಲ್ಲಿ ಕೆಡಿಸುತ್ತದೆ. ಪಂಜರ ಅಡುಗೆಮನೆಯಲ್ಲಿ ಬೇಡ, ಸೊಳ್ಳೆಬತ್ತಿ ಹಚ್ಚುವ ಕೋಣೆಯಲ್ಲಿಯೂ ಬೇಡ. ಇದರ ಬದಲು ನಮ್ಮ ಊರಿನ ಗಿಳಿಯನ್ನು ತರಬಹುದೇ ಎಂದೂ ಕೇಳಿದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಸಾಕುವುದು ಅಪರಾಧ.

ಪ್ರಶ್ನೆ: ಸಿದ್ದಾಪುರದ ನಮ್ಮ ಮನೆಯಲ್ಲಿ ಬೆಕ್ಕು ಬಚ್ಚಲ ಒಲೆಯೊಳಗೆ ಮಲಗುತ್ತದೆ. ಓಡಿಸಿದರೂ ಮತ್ತೆ ಅಲ್ಲಿಯೇ. ಏನು ಮಾಡುವುದು?

ಉತ್ತರ: ಮಳೆಗಾಲದ ಮಲೆನಾಡಿನಲ್ಲಿ ಹಂಡೆಯ ಕೆಳಗಿನ ಬೆಚ್ಚನೆಯ ಬೂದಿಗಿಂತ ಸುಖದ ಜಾಗ ಬೇರೆ ಇಲ್ಲವೆಂದು ಬೆಕ್ಕು ತೀರ್ಮಾನಿಸಿದ್ದರೆ ಅದನ್ನು ತಪ್ಪೆನ್ನಲಾರೆ. ಆದರೆ ಬೂದಿಯ ಅಡಿಯಲ್ಲಿ ಕೆಂಡ ರಾತ್ರಿಯಿಡೀ ಜೀವಂತವಾಗಿರುತ್ತದೆ. ಪಾದ ಸುಟ್ಟ ಬೆಕ್ಕುಗಳು ಪ್ರತಿ ವರ್ಷ ಬರುತ್ತವೆ. ಒದ್ದೆಯಾದ ಬೂದಿ ಕ್ಷಾರವಾಗಿರುವುದರಿಂದ ಗಾಯ ಇನ್ನೂ ಆಳಕ್ಕೆ ಇಳಿಯುತ್ತದೆ. ಒಲೆಯ ಬಾಯಿಗೆ ರಾತ್ರಿ ತಗಡು ಮುಚ್ಚಿ, ಪಕ್ಕದಲ್ಲಿಯೇ ಗೋಣಿ ಹಾಸಿದ ಬುಟ್ಟಿ ಇಡಿ. ಬೆಳಗ್ಗೆ ದಬ್ಬೆ ತುರುಕುವ ಮುಂಚೆ ಬ್ಯಾಟರಿ ಬಿಟ್ಟು ಒಳಗೆ ನೋಡಿ. ಸುಟ್ಟಲ್ಲಿ ಹತ್ತು ಹದಿನೈದು ನಿಮಿಷ ತಣ್ಣೀರು ಸುರಿಯಬೇಕು. ಎಣ್ಣೆ, ಅರಿಸಿನ, ಹಲ್ಲುಜ್ಜುವ ಪೇಸ್ಟ್ ಯಾವುದೂ ಬೇಡ. ಕಾರಿನ ಬಾನೆಟ್ಟಿನ ಒಳಗೂ ಇವು ಹೀಗೆಯೇ ಮಲಗುತ್ತವೆ, ಹೊರಡುವ ಮುಂಚೆ ಎರಡು ಸಲ ತಟ್ಟಿ.

ಪ್ರಶ್ನೆ: ನಾಯಿಮರಿ ಮಿಕ್ಸಿಯ ವೈರು ಕಚ್ಚಿ ಶಾಕ್ ಹೊಡೆಸಿಕೊಂಡಿತು, ಆದರೆ ಎದ್ದು ಓಡಾಡಿತು. ಆಸ್ಪತ್ರೆಗೆ ಹೋಗಬೇಕಿತ್ತೇ? (ಶಿರಸಿ)

ಉತ್ತರ: ಹೋಗಬೇಕಿತ್ತು. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ಬಳಿಕ, ಒಮ್ಮೊಮ್ಮೆ ಮರುದಿನ. ಶಾಕ್ ಹೊಡೆಯುತ್ತಿರುವಾಗ ಮರಿಯನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಿ. ನೆಲಕ್ಕೆ ಸೋರುವ ಕರೆಂಟನ್ನು 30 ಮಿಲಿಆಂಪಿಯರ್‌ನಲ್ಲಿಯೇ ಕಡಿಯುವ ಉಪಕರಣವನ್ನು ಎಲೆಕ್ಟ್ರೀಷಿಯನ್‌ಗೆ ಹೇಳಿ ಹಾಕಿಸಿದರೆ ಮನೆಯವರಿಗೂ ರಕ್ಷಣೆ.

ಪ್ರಶ್ನೆ: ಘಟ್ಟದ ನಡುವಿನ ಊರು. ರಾತ್ರಿ ಏನಾದರೂ ತಿಂದರೆ ಬೆಳಗಾಗದೆ ಆಸ್ಪತ್ರೆ ಇಲ್ಲ. ಏನು ಸಿದ್ಧವಿಟ್ಟುಕೊಳ್ಳಬೇಕು?

ಉತ್ತರ: ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟದ ದಾರಿ 60 ಕಿಲೋಮೀಟರಿನಷ್ಟು, ಮಳೆಯಲ್ಲಿ ಅದು ಎಷ್ಟು ಹೊತ್ತಾಗುತ್ತದೆ ಎಂಬುದು ನನಗೂ ಗೊತ್ತು. ಹತ್ತಿರದ ಪಶುವೈದ್ಯರ ಸಂಖ್ಯೆಯ ಜೊತೆಗೆ, ರಾಜ್ಯದ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ಸೇವೆಯ 1962 ಸಂಖ್ಯೆಯನ್ನೂ ಗೋಡೆಯ ಮೇಲೆ ಬರೆದಿಡಿ. ಕರೆ ಮಾಡಿದಾಗ ನಾವು ಕೇಳುವುದು ಮೂರೇ ಸಂಗತಿ: ಏನು ತಿಂದಿತು, ಎಷ್ಟು ಹೊತ್ತಾಯಿತು, ಪ್ರಾಣಿಯ ತೂಕ ಎಷ್ಟು. ಹರಿದ ಪೊಟ್ಟಣವನ್ನು ಎಸೆಯದೆ ತೆಗೆದಿಡಿ, ವಾಂತಿಯನ್ನು ತೊಳೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಲೆಯ ಇದ್ದಿಲನ್ನು ಪುಡಿ ಮಾಡಿ ಕುಡಿಸಬೇಡಿ. ನಾವು ಬಳಸುವುದು ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು, ಅದೂ ಎಲ್ಲ ವಿಷಕ್ಕೆ ಆಗದು. ಸೀಮೆಎಣ್ಣೆ, ಆಸಿಡ್ ನೆಕ್ಕಿದ್ದರೆ ವಾಂತಿ ಮಾಡಿಸಲೇಬೇಡಿ. ಮಳೆಗಾಲದಲ್ಲಿ ನಾಯಿ ನೆಲಗಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಸುರಿಸಿದರೆ ಮಾತ್ರ ನೀವೇ ಮಾಡಬಹುದಾದ ಕೆಲಸವಿದೆ: ತಲೆಯನ್ನು ಕೆಳಗೆ ಬಾಗಿಸಿ, ಬಾಯಿಯ ಒಂದು ಬದಿಯಿಂದ ನೀರು ಬಿಟ್ಟು ಇನ್ನೊಂದು ಬದಿಯಿಂದ ಹರಿಯಗೊಡಿ, ಒದ್ದೆ ಬಟ್ಟೆಯಿಂದ ವಸಡು ಒರೆಸಿ.

ಇನ್ನೊಂದನ್ನು ಇಂದೇ, ಪ್ರಾಣಿ ಆರೋಗ್ಯವಾಗಿರುವಾಗಲೇ ಅಭ್ಯಾಸ ಮಾಡಿಕೊಳ್ಳಿ. ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ವಸಡಿನ ಬಣ್ಣ ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡು ಸಹಜವಾಗಿ ಕಪ್ಪಗಿರುವ ನಾಯಿಗಳಲ್ಲಿ ಕೆಳರೆಪ್ಪೆಯ ಒಳಬದಿಯನ್ನು ನೋಡಬೇಕು. ಬಿಳಿಚಿದೆ, ಕಂದಾಗಿದೆ, ಹಳದಿಯಾಗಿದೆ ಎಂದು ನೀವು ಫೋನಿನಲ್ಲಿ ಹೇಳುವ ಒಂದು ಶಬ್ದದಿಂದ, ಬೆಳಗಿನವರೆಗೆ ಕಾಯಬಹುದೇ ಇಲ್ಲವೇ ಎಂಬುದನ್ನು ನಾನು ಬಹಳಮಟ್ಟಿಗೆ ಊಹಿಸಬಲ್ಲೆ. ತೂಕಕ್ಕೆ ಬೇರೆ ತಕ್ಕಡಿ ಬೇಡ: ನೀವು ತೂಗಿಕೊಳ್ಳುವ ಯಂತ್ರದ ಮೇಲೆ ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ಇಳಿಸಿ ಇನ್ನೊಮ್ಮೆ ನಿಂತು ಕಳೆಯಿರಿ, ಸಿಕ್ಕ ಸಂಖ್ಯೆಯನ್ನು ಆ ದೂರವಾಣಿ ಸಂಖ್ಯೆಗಳ ಕೆಳಗೆ ಬರೆಯಿರಿ.